ಸ್ಕ್ರೂಗಳ ಮೇಲಿನ ಕುಂಕುಮ

ನಮ್ಮ ಮನೆಯಲ್ಲಿ ಕಂಪ್ಯೂಟರಿನ ಡಬ್ಬಿ ಬಿಚ್ಚುವ ಅಧಿಕಾರ ಒಬ್ಬರಿಗೇ ಇತ್ತು. ಅದು ನಾನಲ್ಲ. ಅದರ ಮುಂದೆ ದಿನವಿಡೀ ಕೂತು ಬೆನ್ನು ನೋಯಿಸಿಕೊಳ್ಳುವವಳು ನಾನು, ಅದರ ಧೂಳು ಒರೆಸುವವಳು ನಾನು, ಕರೆಂಟು ಹೋದರೆ ಓಡಿಬಂದು ಪ್ಲಗ್ ಕೀಳುವವಳು ನಾನು. ಸ್ಕ್ರೂಡ್ರೈವರ್ ಮಾತ್ರ ನನ್ನ ಗಂಡನದು. ಅವರು ಇಂಜಿನಿಯರ್. ಗಾರ್ಡನ್ ರೀಚ್ ಕಡೆ, ನದಿಯ ದಂಡೆಯಲ್ಲಿ, ಹಡಗುಗಳ ಹೊಟ್ಟೆಯೊಳಗೆ ಇಳಿದು ಎಂಜಿನ್ ನೋಡುವ ಕೆಲಸ. ಅಂಥವರು ಮನೆಯಲ್ಲಿರುವಾಗ ಒಂದು ತಗಡಿನ ಡಬ್ಬಿಯನ್ನು ಅಂಗಡಿಗೆ ಹೊತ್ತುಕೊಂಡು ಹೋಗುವುದೆಂದರೆ ಮರ್ಯಾದೆಯ ಪ್ರಶ್ನೆ.

"ಹೊರಗಿನವರ ಕೈಗೆ ಕೊಟ್ಟರ ಒಳಗಿನ ಚಲೋ ಸಾಮಾನು ತಗದು ಕೆಟ್ಟದ್ದು ಹಾಕಿ ಕಳಸ್ತಾರ. ನಾನs ನೋಡತೀನಿ ಬಿಡು," ಎನ್ನುವುದು ಅವರ ಮಾತು. ಮಿಕ್ಸರಿಗೂ ಇದೇ ಮಾತು, ಇಸ್ತ್ರಿಗೂ ಇದೇ ಮಾತು. ನಮ್ಮ ಟಾಲಿಗಂಜಿನ ಮನೆಯ ಮಂಚದ ಕೆಳಗೆ ಕೈ ಹಾಕಿದರೆ, ಅವರು ನೋಡುತ್ತೇನೆಂದು ಹೇಳಿ ಇಟ್ಟ ಸಾಮಾನುಗಳು ಒಂದೊಂದಾಗಿ ಸಿಗುತ್ತವೆ.

ಮದುವೆಯಾಗಿ ಧಾರವಾಡದಿಂದ ಬಂಗಾಳದ ಈ ಊರಿಗೆ ಬಂದವಳು ಬಂಗಾಳಿಯನ್ನು ಬೀದಿಯಲ್ಲಿ ಕಲಿತೆ. ತರಕಾರಿಯವನ ಜೊತೆ ಜಗಳಾಡಿ, ಪಕ್ಕದ ಮನೆಯ ಹೆಂಗಸರ ಜೊತೆ ಸಂಜೆ ಧಾರಾವಾಹಿ ನೋಡಿ, ಅವರು ಅತ್ತಾಗ ಯಾಕೆ ಅತ್ತರೆಂದು ಕೇಳಿ ಕಲಿತದ್ದು. ಆ ಕಲಿಕೆ ಒಂದು ದಿನ ಕೆಲಸವಾಯಿತು. ಮನೆಯಿಂದ ಆಟೋ ಹಿಡಿದರೆ ಸಿಗುವ ಒಂದು ಸಣ್ಣ ಸ್ಟುಡಿಯೋದವರು ಬಂಗಾಳಿ ಧಾರಾವಾಹಿಗಳನ್ನು ಬೇರೆ ಭಾಷೆಗಳಿಗೆ ಡಬ್ ಮಾಡಿಸುತ್ತಿದ್ದರು. ಕನ್ನಡಕ್ಕೆ ಮಾತು ಬರೆಯುವವರು ಅವರಿಗೆ ಬೇಕಿತ್ತು. ಅಲ್ಲಿ ಬರೆಯುವವರಿಗೆ ಕೂರಲು ಕುರ್ಚಿ ಇಲ್ಲ. ಅವರು ವಿಡಿಯೋ ಕಳಿಸುತ್ತಾರೆ, ನಾವು ಮನೆಯಲ್ಲಿ ಬರೆದು ವಾಪಸು ಕಳಿಸಬೇಕು.

ಇದು ಅನುವಾದವಲ್ಲ, ತುಟಿಯ ಲೆಕ್ಕ. ನಾಯಕಿ 'ಆಮಿ ಜಾಬೊ ನಾ' ಅನ್ನುತ್ತಾಳೆ, ಅಂದರೆ ನಾನು ಹೋಗುವುದಿಲ್ಲ ಎಂದು. ಆದರೆ 'ಮಿ' ಅನ್ನುವಾಗ ಒಮ್ಮೆ, 'ಬೊ' ಅನ್ನುವಾಗ ಒಮ್ಮೆ ಅವಳ ತುಟಿ ಮುಚ್ಚುತ್ತದೆ. 'ನಾನು ಹೋಗಲ್ಲ' ಎಂದು ಬರೆದರೆ ಮುಚ್ಚಿದ ಬಾಯಿಂದ ಮಾತು ಬಂದಹಾಗೆ ಕಾಣುತ್ತದೆ. 'ನಮ್ಮನೆ ಬಿಡಲ್ಲ' ಎಂದು ಬರೆದರೆ ಸರಿಯಾಗಿ ಕೂರುತ್ತದೆ. ಇಂಥದ್ದೊಂದು ಸಿಕ್ಕ ದಿನ ನಾನು ಒಬ್ಬಳೇ ಕೂತು ನಗುತ್ತಿದ್ದೆ. ಈ ಊರಿನಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಉಳಿದಲ್ಲೆಲ್ಲ ನಾನು ಇಂಜಿನಿಯರ್ ಸಾಹೇಬರ ಹೆಂಡತಿ.

ಆದರೆ ಅಲ್ಲಿಯವರೆಗೆ ನನಗೆ ಸಿಕ್ಕಿದ್ದು ಬೇರೆಯವರು ಅರ್ಧಕ್ಕೆ ಬಿಟ್ಟ ಕಂತುಗಳು, ರಜೆ ಹಾಕಿದವರ ಬದಲಿಗೆ ಬರೆದ ಚೂರುಪಾರುಗಳು. ಆ ವರ್ಷ ಪುಜೋಗೆ, ಅಂದರೆ ಇಲ್ಲಿಯ ದುರ್ಗಾಪೂಜೆಗೆ, ಸುಮಾರು ಒಂದು ತಿಂಗಳು ಇರುವಾಗ ಸ್ಟುಡಿಯೋ ನೋಡಿಕೊಳ್ಳುವ ದೀದಿ ಫೋನ್ ಮಾಡಿದರು. ಹೊಸದೊಂದು ಧಾರಾವಾಹಿ ಕನ್ನಡಕ್ಕೆ ಹೋಗುತ್ತಿದೆ, ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಒಬ್ಬರೇ ಬರೆಯಬೇಕು, ನಿಮಗೇ ಕೊಡಬೇಕೆಂದಿದ್ದೇನೆ ಎಂದರು. ಪರದೆಯ ಮೇಲೆ ಹೆಸರೂ ಬರುತ್ತದೆ. ಪರೀಕ್ಷೆಗೆಂದು ಒಂದು ಕಂತು ಬರೆದು ತೋರಿಸಬೇಕು, ಅಷ್ಟೆ. ನವರಾತ್ರಿಯ ಪಂಚಮಿಯ ಮಧ್ಯಾಹ್ನದೊಳಗೆ ತಲುಪಬೇಕು. ಷಷ್ಠಿಯಿಂದ ಇಲ್ಲಿ ಇಡೀ ಊರೇ ಪಂಡಾಲಿನಲ್ಲಿರುತ್ತದೆ, ಸ್ಟುಡಿಯೋಗೂ ಬೀಗ.

ವಿಡಿಯೋ ಬಂತು. ನನ್ನ ಕಂಪ್ಯೂಟರಿನಲ್ಲಿ ಓಡಲಿಲ್ಲ. ಹೊಸ ಕ್ಯಾಮೆರಾದ ಚಿತ್ರವಂತೆ, ಫೈಲ್ ಭಾರ. ನಾಯಕಿ ಬಾಯಿ ತೆರೆಯುತ್ತಿದ್ದಳು, ನಿಲ್ಲುತ್ತಿದ್ದಳು, ಮಾತು ಮುಗಿದ ಮೇಲೆ ಅವಳ ತುಟಿ ಅಲ್ಲಾಡುತ್ತಿತ್ತು. ತುಟಿ ನೋಡಿಯೇ ಬರೆಯಬೇಕಾದವಳಿಗೆ ಇದು ಕಣ್ಣು ಕಟ್ಟಿ ಸೂಜಿಗೆ ದಾರ ಪೋಣಿಸು ಎಂದ ಹಾಗೆ. ಸ್ಟುಡಿಯೋದ ಎಡಿಟರ್ ಹುಡುಗಿಗೆ ಫೋನ್ ಮಾಡಿದೆ. ಎಷ್ಟು ಮೆಮೊರಿ ಇದೆ ಎಂದು ಕೇಳಿದಳು. ಎಂಟು ಜಿಬಿ ಎಂದು ಜಂಬದಿಂದಲೇ ಹೇಳಿದೆ.

ಜಂಬಕ್ಕೆ ಕಾರಣವಿತ್ತು. ಎರಡು ವರ್ಷ ಮೊದಲು ಕಂಪ್ಯೂಟರ್ ನಿಧಾನವಾಯಿತೆಂದು ನಾನು ಗೊಣಗಿದಾಗ ನಮ್ಮ ಮನೆಯವರು ಮೆಮೊರಿಯ ಪಟ್ಟಿಯೊಂದನ್ನು ಕೊಂಡು ತಂದು, ನಾನು ಊರಿನ ಇನ್ನೊಂದು ಕಡೆಯ ಸಾಲ್ಟ್ ಲೇಕಿನಲ್ಲಿ ಕನ್ನಡದವರೊಬ್ಬರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದಾಗ ಡಬ್ಬಿ ಬಿಚ್ಚಿ ಹಾಕಿಬಿಟ್ಟಿದ್ದರು. ನಾಲ್ಕಿದ್ದದ್ದು ಎಂಟಾಗಿತ್ತು. ನಾನು ಬಂದಾಗ ಟವೆಲ್‌ನಿಂದ ಕೈ ಒರೆಸಿಕೊಳ್ಳುತ್ತಾ, "ಈಗ ನೋಡು, ಕುದರಿ ಹಂಗ ಓಡತೈತಿ," ಎಂದರು. ಓಡಿದ ಹಾಗೇ ಕಂಡಿತು ನನಗೆ. ಮರುದಿನ ಹೋಳಿಗೆ ಮಾಡಿದೆ. ಕನ್ನಡದವರು ಸೇರಿದ ಕಡೆಯಲ್ಲೆಲ್ಲ ಹೇಳಿಕೊಂಡು ಬಂದೆ. ಅಲ್ಲಿಂದ ಮುಂದೆ ಸಾಲ್ಟ್ ಲೇಕಿನಲ್ಲಿ ಯಾರ ಮನೆಯ ಪ್ರಿಂಟರ್ ಕೆಟ್ಟರೂ ಇವರಿಗೇ ಕರೆ.

ಎಡಿಟರ್ ಹುಡುಗಿ ಎಲ್ಲಿ ಒತ್ತಬೇಕೆಂದು ಹೇಳಿದಳು. ಒತ್ತಿ ನೋಡಿದೆ. ನಾಲ್ಕು ಎಂದು ತೋರಿಸುತ್ತಿತ್ತು.

ಸಂಜೆ ಅವರು ಬಂದು ಚಹಾ ಕುಡಿಯುವಾಗ ಕೇಳಿದೆ. "ಏನ್ರಿ, ಎಂಟು ಐತಿ ಅಂದಿದ್ರಿ, ನಾಕು ತೋರಸಾಕ ಹತ್ತೇತಿ."

ಅವರು ಲೋಟ ಕೆಳಗಿಟ್ಟರು. "ಒಂದು ಪಟ್ಟಿ ಲೂಸ್ ಆಗಿರಬೇಕು. ಇಲ್ಲಿಯ ಹವಾಕ್ಕ ಹಂಗ ಆಗತೈತಿ. ಬಿಚ್ಚಿ ಒತ್ತಿದ್ರ ಸರಿ ಹೋಗತೈತಿ."

"ಹಂಗಾರ ಈಗs ಬಿಚ್ಚರಿ."

"ರವಿವಾರ ನೋಡತೀನಿ."

ಬಿಚ್ಚಿ ಒಮ್ಮೆ ಒತ್ತಿದರೆ ಸಾಕು, ಧಾರಾವಾಹಿ ನನ್ನದು. ನಾನು ಖುಷಿಯಿಂದಲೇ ರವಿವಾರಕ್ಕೆ ಕಾದೆ. ರವಿವಾರ ಬೆಳಿಗ್ಗೆ ಸಾಲ್ಟ್ ಲೇಕಿನಿಂದ ಫೋನ್ ಬಂತು, ಯಾರದೋ ಪ್ರಿಂಟರ್ ಕಾಗದ ನುಂಗುತ್ತಿದೆಯೆಂದು. ಹೊರಟೇಬಿಟ್ಟರು. ಊರಿಗೆ ಉಪಕಾರಿ, ಮನೆಗೆ ಮಾರಿ. ವಾಪಸು ಬಂದಾಗ ಕತ್ತಲಾಗಿತ್ತು, ಕೈಯಲ್ಲಿ ಆ ಮನೆಯವರು ಕೊಟ್ಟ ಸಂದೇಶ್ ಮಿಠಾಯಿಯ ಪೊಟ್ಟಣ. ಅದರ ಮುಂದಿನ ರವಿವಾರ, "ಪಕ್ಷಮಾಸದಾಗ ಹೊಸಾ ಕೆಲಸಕ್ಕ ಕೈ ಹಚ್ಚಬಾರದು," ಎಂದರು. ಇದು ಹೊಸ ಕೆಲಸವಲ್ಲ, ಹಳೆಯದನ್ನು ಒತ್ತುವುದು ಎಂದು ವಾದಿಸಿದೆ. ಪೇಪರು ಓದತೊಡಗಿದರು. ಅಂಗಡಿಗಾದರೂ ಕೊಡೋಣ, ಆಟೋದಲ್ಲಿ ನಾನೇ ಒಯ್ಯುತ್ತೇನೆ ಎಂದೆ.

"ನನ್ನ ಮ್ಯಾಲ ನಂಬಿಗಿ ಇಲ್ಲೇನು ನಿನಗ?" ಎಂದರು. ಧ್ವನಿಯಲ್ಲಿ ನೋವಿತ್ತು. ಆ ನೋವಿಗೆ ನಾನು ಕರಗಿದೆ, ನನ್ನ ಬುದ್ಧಿಗೆ ಮಣ್ಣು ಹಾಕ.

ದೀದಿ ನಡುವೆ ಒಮ್ಮೆ ಫೋನ್ ಮಾಡಿ ಎಲ್ಲಿಗೆ ಬಂತೆಂದು ಕೇಳಿದರು. ನಡೆಯುತ್ತಿದೆ ಎಂದೆ. ಶಬ್ದ ಮಾತ್ರ ಕೇಳಿಸಿಕೊಂಡು ಕುರುಡಿಯ ಹಾಗೆ ಮಾತುಗಳನ್ನು ಬರೆದಿಟ್ಟುಕೊಂಡಿದ್ದೆ. ತುಟಿ ಕಂಡರೆ ಒಂದು ರಾತ್ರಿ, ಒಂದು ಹಗಲಿನಲ್ಲಿ ಮುಗಿಸಿಬಿಡುತ್ತೇನೆಂಬ ಧೈರ್ಯವಿತ್ತು. ಅಷ್ಟರಲ್ಲಿ ನವರಾತ್ರಿ ಕೂತಿತು. ದೇವರ ಕೋಣೆಯಲ್ಲಿ ಕಲಶ ಕೂರಿಸಿ ಘಟ್ಟ ಹಾಕಿದೆವು. ಪಂಚಮಿಯ ಹಿಂದಿನ ದಿನ ರವಿವಾರವಾಗಿತ್ತು. ಅವತ್ತು ನಾನು ಬೆಳಗಿನ ಉಪ್ಪಿಟ್ಟನ್ನು ಕೊಡದೆ ಸ್ಕ್ರೂಡ್ರೈವರನ್ನು ಕೈಯಲ್ಲಿಟ್ಟೆ.

ಕೂತರು. ನೆಲದ ಮೇಲೆ ಪೇಪರು ಹಾಸಿದರು, ವೈರುಗಳನ್ನು ಕಿತ್ತರು, ಡಬ್ಬಿಯನ್ನು ಮಲಗಿಸಿದರು, ಟಾರ್ಚು ಕೇಳಿದರು. ಆಪರೇಷನ್ ಥಿಯೇಟರಿನ ವೈಭವ. ಹಿಂಭಾಗದ ಸ್ಕ್ರೂಗಳಿಗೆ ಡ್ರೈವರ್ ಇಟ್ಟು ತಿರುಗಿಸಿದರು. ತಿರುಗಲಿಲ್ಲ. ಮೈಭಾರ ಹಾಕಿ ತಿರುಗಿಸಿದರು, ಡ್ರೈವರ್ ಜಾರಿ ಪೇಪರನ್ನು ಹರಿಯಿತು. ಡ್ರೈವರ್ ಸರಿಯಿಲ್ಲ ಎಂದರು. ಆಮೇಲೆ ಬೆಳಕು ಸರಿಯಿಲ್ಲ. ಆಮೇಲೆ ನಾನು ಹಿಂದೆ ನಿಂತದ್ದು ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೆವರು ಮೂಗಿನ ತುದಿಯಿಂದ ಡಬ್ಬಿಯ ಮೇಲೆ ಹನಿಯುತ್ತಿತ್ತು. ಕೊನೆಗೆ ಎದ್ದು ನಿಂತು ದೇವರ ಕೋಣೆಯ ಕಡೆ ನೋಡಿದರು.

"ಘಟ್ಟ ಕುಂತೈತಿ. ಕಬ್ಬಿಣದ ಜೋಡಿ ಜಗಳಾ ಬ್ಯಾಡ. ಹಬ್ಬ ಆಗಲಿ."

ದೇವರಿಗೆ ಒಂದು ದಿನ ನೆಟ್ಟಗೆ ಕೈ ಮುಗಿದವರಲ್ಲ ಅವರು. ಘಟ್ಟದ ನೆನಪು ಅವರಿಗೆ ಬಂದದ್ದು ಅದೇ ಮೊದಲು. ಕೈ ತೊಳೆದುಕೊಂಡು ಪೇಟೆಗೆ ಹೋದರು. ಪಂಚಮಿಯ ಬೆಳಿಗ್ಗೆ ಊಟದ ಡಬ್ಬಾ ತೆಗೆದುಕೊಂಡು ಕೆಲಸಕ್ಕೆ ಹೋದರು. ಕಂಪ್ಯೂಟರಿನ ಡಬ್ಬಿ ಹಿಂದಿನ ದಿನದ ಪೇಪರಿನ ಮೇಲೇ ಮಲಗಿತ್ತು.

ನಾನು ಅದರ ಪಕ್ಕದಲ್ಲಿ ಕೂತೆ. ಮೊದಲ ಬಾರಿಗೆ ಆ ಸ್ಕ್ರೂಗಳನ್ನು ಸರಿಯಾಗಿ ನೋಡಿದೆ.

ಅವುಗಳ ಮೇಲಿದ್ದದ್ದು ಕುಂಕುಮ. ಇಲ್ಲಿಯವರ ಲೆಕ್ಕದ ಭಾದ್ರಪದದ ಕೊನೆಗೆ ವಿಶ್ವಕರ್ಮ ಪೂಜೆ ಬರುತ್ತದೆ. ಅವತ್ತು ಇವರ ಕೆಲಸದ ಜಾಗದಲ್ಲಿ ಯಂತ್ರಗಳ ಬೋಲ್ಟುಗಳಿಗೆ ಎಣ್ಣೆಯಲ್ಲಿ ಕಲೆಸಿದ ಸಿಂಧೂರ ಹಚ್ಚುತ್ತಾರೆ. ಇವರು ಆ ಸಿಂಧೂರವನ್ನು ಎಲೆಯಲ್ಲಿ ಕಟ್ಟಿ ಮನೆಗೆ ತಂದು ಈ ಡಬ್ಬಿಗೂ ಹಚ್ಚಿಸುತ್ತಿದ್ದರು. ಕೆಲವು ವಾರಗಳಲ್ಲೇ ನಮ್ಮ ಖಂಡೇನವಮಿ, ಆಯುಧಪೂಜೆ. ಅವತ್ತು ಡಬ್ಬಿಯನ್ನು ಒರೆಸಿ, ಮಣೆಯ ಮೇಲೆ ಕೂರಿಸಿ, ನಾನು ಗಂಧ, ಅರಿಶಿನ, ಕುಂಕುಮ ಏರಿಸುತ್ತಿದ್ದೆ. "ಮುಂದ ಬ್ಯಾಡ, ಬೋಲ್ಟಿಗೆ ಹಚ್ಚು. ಯಂತ್ರದ ಜೀವ ಇರೋದು ಬೋಲ್ಟಿನ್ಯಾಗ," ಎನ್ನುತ್ತಿದ್ದರು ಇವರು. ದುಂಡಗಿನ ತಲೆಗಳು, ಬೊಟ್ಟು ಇಡಲೆಂದೇ ಮಾಡಿದ ಹಾಗಿದ್ದವು. ಹಚ್ಚಿದೆ. ವರ್ಷಕ್ಕೆ ಎರಡು ಸಲ, ಎಣ್ಣೆಯ ಮೇಲೆ ನೀರು, ನೀರಿನ ಮೇಲೆ ಎಣ್ಣೆ. ನಡುವೆ ಈ ಊರಿನ ಧೂಳು, ಗೋಡೆಯಿಂದ ನೀರು ಜಿನುಗುವ ಮಳೆಗಾಲ. ಕಬ್ಬಿಣ ತುಕ್ಕು ಹಿಡಿದು, ಕುಂಕುಮ ಕಪ್ಪಾಗಿ, ಸ್ಕ್ರೂ ಯಾವುದು ತಗಡು ಯಾವುದು ಎಂದು ತಿಳಿಯದಂತೆ ಒಂದೇ ಆಗಿತ್ತು. ಪೂಜೆ ಮಾಡಿ ಮಾಡಿಯೇ ಡಬ್ಬಿಯ ಬಾಯಿ ಮುಚ್ಚಿದ್ದೆವು ನಾವು.

ಉಗುರಿನಿಂದ ಕೆರೆದೆ. ಪದರು ಪದರಾಗಿ ಎದ್ದು ಬಂತು. ಕೆಂಪು, ಕಪ್ಪು, ಕೆಂಪು, ಹಳದಿ, ಮತ್ತೆ ಕೆಂಪು. ಕಂಪ್ಯೂಟರ್ ಕೊಂಡ ವರ್ಷದಿಂದ ಹಚ್ಚಿದ್ದೆಲ್ಲ ಅಲ್ಲಿತ್ತು, ಸ್ಕ್ರೂವಿನಿಂದ ತಗಡಿನವರೆಗೆ ಒಂದೇ ಹೊದಿಕೆಯಾಗಿ, ಎಲ್ಲೂ ಒಡೆಯದೆ. ನಡುವೆ ಯಾರಾದರೂ ಒಮ್ಮೆ ಈ ಸ್ಕ್ರೂ ತಿರುಗಿಸಿದ್ದರೆ ಹಾಗಿರಲು ಸಾಧ್ಯವಿಲ್ಲ.

ಈ ಡಬ್ಬಿಯನ್ನು ಯಾರೂ ಯಾವತ್ತೂ ಬಿಚ್ಚಿರಲಿಲ್ಲ.

ಆಗ ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಲೂಸ್ ಆಗಲು ಒಳಗೆ ಏನಾದರೂ ಇರಬೇಕಲ್ಲ. ಪ್ರಿಂಟರು, ಪಕ್ಷಮಾಸ, ಘಟ್ಟ, ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಡಬ್ಬಿ ತೆರೆದರೆ ಸುಳ್ಳು ಹೊರಬೀಳುತ್ತದೆಂದು ಇವರು ಅದನ್ನು ಮುಚ್ಚಿಯೇ ಇಟ್ಟು, ನನ್ನ ಧಾರಾವಾಹಿ ಕೈ ಜಾರುವುದನ್ನು ಚಹಾ ಕುಡಿಯುತ್ತಾ ನೋಡುತ್ತಿದ್ದರು.

ಹೊಲಿಗೆ ಯಂತ್ರದ ಎಣ್ಣೆ ತಂದು ಸ್ಕ್ರೂಗಳ ಸುತ್ತ ಬಿಟ್ಟೆ. ಎಣ್ಣೆ ಇಳಿಯುವವರೆಗೆ ದೀದಿಗೆ ಫೋನ್ ಮಾಡಿದೆ, ಇವತ್ತೊಂದು ದಿನ ಕೊಡಿ ಎಂದು ಕೇಳಲು. ಅವರು ಎತ್ತಲಿಲ್ಲ. ಸಂದೇಶ ಕಳಿಸಿದೆ. ಆಮೇಲೆ ಇಕ್ಕಳದಿಂದ ಸ್ಕ್ರೂವಿನ ತಲೆ ಹಿಡಿದು, ಬಟ್ಟೆ ಹಿಂಡುವ ಹಾಗೆ ಎರಡೂ ಕೈಯಿಂದ ತಿರುವಿದೆ. ಮೊದಲನೆಯದು ಕಿರ್ರೆಂದು ಬಂತು. ಒಂದರ ತಲೆ ಮುರಿದೇ ಹೋಯಿತು, ಹೋಗಲಿ. ಸ್ಕ್ರೂಗಳೆಲ್ಲ ಬಂದರೂ ಪಕ್ಕದ ತಗಡು ಜರುಗಲಿಲ್ಲ, ಅಂಚಿಗೂ ತುಕ್ಕು. ದೋಸೆ ಮಗುಚುವ ಸಟ್ಟುಗವನ್ನು ಸಂದಿಗೆ ತೂರಿಸಿ ಲಟ್ಟಣಿಗೆಯಿಂದ ಹೊಡೆದೆ. ಕೆಳಗಿನ ಮನೆಯವರು ಬಂದು ಏನಾಯಿತು ಅತ್ತಿಗೆ ಎಂದು ಕೇಳಿದರು. ಹಬ್ಬದ ಅಡುಗೆ ಎಂದು ಹೇಳಿ ಕಳಿಸಿದೆ. ಅಂಗೈ ಸೀಳಿ ರಕ್ತ ಬಂದಿತ್ತು. ತಗಡು ಜಾರಿ ನೆಲಕ್ಕೆ ಬಿದ್ದಾಗ ಬೀದಿಯಲ್ಲಿ ಪಂಡಾಲಿನ ಮೈಕು ಪರೀಕ್ಷೆ ನಡೆದಿತ್ತು.

ಒಳಗೆ ಒಂದು ಮುಷ್ಟಿ ಧೂಳು, ಜಾಲರಿಯಿಂದ ಬಿದ್ದ ಅಕ್ಷತೆ ಕಾಳು, ಒಂದು ಸತ್ತ ಜಿರಲೆ. ಮೆಮೊರಿ ಕೂರಿಸುವ ಜಾಗ ಎರಡಿತ್ತು. ಒಂದರಲ್ಲಿ ಪಟ್ಟಿ ಇತ್ತು. ಇನ್ನೊಂದು ಖಾಲಿ.

ಅವರು ಸಂಜೆ ಬಂದಾಗ ನಾನು ಅಲ್ಲೇ ಕೂತಿದ್ದೆ. ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದವರು ತೆರೆದ ಡಬ್ಬಿ ನೋಡಿ ಒಂದು ಕಾಲಿನ ಶೂನಲ್ಲೇ ನಿಂತರು. ಒಳಗೆ ಹೋಗಿ ತಮ್ಮ ಕಪಾಟು ತೆಗೆದರು. ಸ್ವೆಟರುಗಳ ಕೆಳಗಿನಿಂದ ಒಂದು ಸಣ್ಣ ಪೊಟ್ಟಣ ತಂದು ನನ್ನ ಮುಂದೆ ಇಟ್ಟರು. ಕೊಂಡ ದಿನದ ಮೊಹರು ಹಾಗೇ ಇತ್ತು.

"ಆವತ್ತು ಸ್ಕ್ರೂ ತಿರುಗಲಿಲ್ಲ," ಎಂದರು.

"ತಿರುಗಲಿಲ್ಲ ಅಂತ ಹೇಳಬೇಕಿತ್ತಲ್ರಿ."

"ಹೇಳಬೇಕಂತ ಮಾಡಿದ್ದೆ. ಅಷ್ಟರಾಗ ನೀ ಹೋಳಿಗಿ ಮಾಡಿದಿ."

ನನಗೆ ಆ ಕ್ಷಣ ಅವರ ಮೇಲೆ ಕನಿಕರವೂ ಬಂತು, ಸುಳ್ಳು ಹೇಳುವುದಿಲ್ಲ. ಹಡಗು ಬಿಚ್ಚುವ ಮನುಷ್ಯ, ಹೆಂಡತಿಯ ಮುಂದೆ ಒಂದು ಸ್ಕ್ರೂಗೆ ಸೋತೆ ಎಂದು ಹೇಳಲಾರದೆ ಎರಡು ವರ್ಷ ಸ್ವೆಟರಿನ ಕೆಳಗೆ ಪೊಟ್ಟಣ ಮುಚ್ಚಿಟ್ಟುಕೊಂಡಿದ್ದ. ಆದರೆ ಅವರು ಕಾಪಾಡಿಕೊಂಡ ಆ ಮರ್ಯಾದೆಗೆ ಬೆಲೆ ತೆತ್ತವಳು ನಾನು. ಪೊಟ್ಟಣ ಹರಿದು ಪಟ್ಟಿಯನ್ನು ಖಾಲಿ ಜಾಗದಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದೆ. ಟಕ್ ಎಂದು ಕೂತಿತು. ಅಷ್ಟೇ ಕೆಲಸ. ವೈರು ಸಿಕ್ಕಿಸಿ ಶುರು ಮಾಡಿದರೆ ನಾಯಕಿ ಚೆನ್ನಾಗಿ ಮಾತಾಡಿದಳು, ಒಂದೊಂದು ತುಟಿ ಚಲನೆಯೂ ಕಂಡಿತು.

ಆಗಲೇ ದೀದಿಯ ಫೋನ್ ಬಂತು. ದಿನವೆಲ್ಲ ಪುಜೋ ಗದ್ದಲದಲ್ಲಿದ್ದೆ, ಈಗ ಸಂದೇಶ ನೋಡಿದೆ ಎಂದರು. ಮಧ್ಯಾಹ್ನದವರೆಗೆ ಕಾದು, ನಿಮ್ಮದು ಬರದಿದ್ದಾಗ ಬೆಂಗಳೂರಿನ ಒಬ್ಬರದನ್ನು ಒಪ್ಪಿಕೊಂಡುಬಿಟ್ಟೆವು ಎಂದರು. ಮೊದಲೇ ಕೇಳಿದ್ದರೆ ಎರಡು ದಿನ ಹೆಚ್ಚು ಕೊಡುತ್ತಿದ್ದೆ, ಯಾಕೆ ಹೇಳಲಿಲ್ಲ ಎಂದು ಅವರೇ ಬೇಸರ ಮಾಡಿಕೊಂಡರು. ಗಂಡ ಒತ್ತುತ್ತೇನೆಂದಿದ್ದರು ಎಂದು ಹೇಗೆ ಹೇಳಲಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಖಂಡೇನವಮಿಯ ದಿನ ಅವರೇ ಡಬ್ಬಿಯನ್ನು ಮಣೆಯ ಮೇಲಿಟ್ಟರು. ನಾನು ಕುಂಕುಮದ ಬಟ್ಟಲು ಮುಟ್ಟಲಿಲ್ಲ. ಮರುದಿನ ಬನ್ನಿ ಕೊಡಲು ಸಾಲ್ಟ್ ಲೇಕಿನಲ್ಲಿ ಎಲ್ಲರೂ ಸೇರಿದ್ದರು. ಬನ್ನಿ ತಗೊಂಡು ಬಂಗಾರದ ಹಾಗಿರೋಣ ಎಂದು ಎಲೆ ಬದಲಿಸಿಕೊಂಡ ಮೇಲೆ ಚುರುಮುರಿ ತಿನ್ನುತ್ತಾ ಯಾರೋ ಕಂಪ್ಯೂಟರಿನ ಮಾತೆತ್ತಿದರು. ನಮ್ಮ ಮನೆಯವರು ಸ್ಕ್ರೂ ತುಕ್ಕು ಹಿಡಿದರೆ ಹೊಲಿಗೆ ಎಣ್ಣೆ ಬಿಡಬೇಕು, ಇಕ್ಕಳದಿಂದ ಹಿಡಿಯಬೇಕು, ಅಂಚಿಗೆ ಸಟ್ಟುಗ ತೂರಿಸಬೇಕು ಎಂದು ಕೈ ಮಾಡಿ ತೋರಿಸುತ್ತಾ ವಿವರಿಸಿದರು.

"ಬಿಚ್ಚಿದಾಕಿ ನಾನು," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಇವರಿಗೆ ಬಿಚ್ಚಾಕ ಬರಲಿಲ್ಲ. ಎರಡು ವರ್ಷ ಸುಳ್ಳು ಹೇಳಿದ್ರು."

ಎಲ್ಲರೂ ಜೋರಾಗಿ ನಕ್ಕರು. "ಅಕ್ಕಾರ ಚಾಷ್ಟಿ ಭಾಳ ಚಲೋ ಇರತೈತಿ," ಎಂದರು ಒಬ್ಬರು. ನಮ್ಮ ಮನೆಯವರೂ ನಕ್ಕರು. ಬ್ಯಾಂಡೇಜು ಕಟ್ಟಿದ ಅಂಗೈ ನನ್ನ ತೊಡೆಯ ಮೇಲೇ ಇತ್ತು, ಯಾರೂ ನೋಡಲಿಲ್ಲ.

ದೀದಿ ಆಮೇಲೆ ಚೂರುಪಾರು ಕಳಿಸುವುದನ್ನೂ ನಿಲ್ಲಿಸಿದರು. ಹೇಳಿದ ದಿನಕ್ಕೆ ಕೊಡದವಳೆಂದು ಆಯಿತಲ್ಲ. ಕಂಪ್ಯೂಟರ್ ಮಾತ್ರ ಚೆನ್ನಾಗಿ ಓಡುತ್ತದೆ. ಈಗ ಸಂಜೆ ಅದರ ಮುಂದೆ ಅವರು ಕೂರುತ್ತಾರೆ.

ಕಳೆದ ತಿಂಗಳು ಒಂದು ಸಂಜೆ ನಾನು ಮೆಂತ್ಯ ಸೋಸುತ್ತಿದ್ದೆ. ಅವರು ಕಂಪ್ಯೂಟರಿನಲ್ಲಿ ಏನೋ ಹಾಕಿಕೊಂಡು ನೋಡುತ್ತಿದ್ದರು. ಕನ್ನಡ ಕೇಳಿ ತಲೆ ಎತ್ತಿದೆ. ಅದೇ ಧಾರಾವಾಹಿ. ನಾನು ಕುರುಡಿಯ ಹಾಗೆ ಕಿವಿಯಿಂದ ಬರೆದಿಟ್ಟುಕೊಂಡ ಅದೇ ಅಡುಗೆಮನೆಯ ಜಗಳ. ಅತ್ತೆಯ ಬಾಯಿ ಮುಚ್ಚಿದ ಮೇಲೂ ಅತ್ತೆಯ ಬೈಗುಳ ನಡೆದೇ ಇತ್ತು.

ಅವರು ನಕ್ಕರು. "ಇಲ್ಲಿ ನೋಡಿಲ್ಲಿ. ಬಾಯಿ ಒಂದು ಕಡೆ, ಮಾತು ಒಂದು ಕಡೆ. ಯಾರಿಗೆ ಕೊಟ್ಟಾರೋ ಬರಿಯಾಕ. ನೀ ಬರೆದಿದ್ರ ಎಷ್ಟು ಚಲೋ ಆಗತಿತ್ತು." ಆಮೇಲೆ ಕುರ್ಚಿಯಲ್ಲೇ ಹಿಂದೆ ತಿರುಗಿ ಕೇಳಿದರು, "ಹೌದು, ನೀ ಯಾಕ ಇಂಥಾವು ಬರಿಯೂದು ಬಿಟ್ಟಿ?"

ಅಣಕಿಸುತ್ತಿದ್ದಾರೇನೋ ಎಂದು ಅವರ ಮುಖ ನೋಡಿದೆ. ಇಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳುತ್ತಿದ್ದರು. ಸುಳ್ಳನ್ನು ನಾನು ಎಂದೋ ಕ್ಷಮಿಸಿದ್ದೆ. ಇದನ್ನು ಕ್ಷಮಿಸಲು ನನ್ನಿಂದ ಆಗಿಲ್ಲ.